ಅಂಪಾರೋ ಎಂಬ ಅಜ್ಜಿಯರ ಹೆಸರು

"ಅಂಪಾರೋ! ಅದೂ ಒಂದು ಹೆಸರಾ? ನೋವಿಗೆ ಹಚ್ಚುವ ಮುಲಾಮಿನ ಹಾಗಿದೆ!"

ದುರ್ಗಾವತಿಯಮ್ಮ ಪಾಯಸದ ಸೌಟನ್ನು ಎತ್ತಿಹಿಡಿದೇ ಕೂಗಿದರು. ಕೊಲ್ಲಿ ದೇಶದ ಬಿನ್ ಮಹಮೂದ್ ಬಡಾವಣೆಯ ಆ ಹಳೆಯ ಫ್ಲ್ಯಾಟಿನ ಗೋಡೆಗಳು ಎಷ್ಟು ತೆಳುವೆಂದರೆ, ಪಕ್ಕದ ಮನೆಯ ಹಬೀಬಾ ತನ್ನ ಟೀವಿಯ ಸದ್ದನ್ನು ತಟ್ಟನೆ ತಗ್ಗಿಸಿದಳು. ಧಾರಾವಾಹಿಗಿಂತ ಇದು ವಾಸಿ ಎಂದು ಅವಳ ಅಂದಾಜು.

ಇನ್ನೇನು ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಲ ಶಾಸ್ತ್ರ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಉಸುರುವ ಹಕ್ಕು ಆ ಮನೆತನದಲ್ಲಿ ಅಪ್ಪನ ತಾಯಿಯದು. ಅದಕ್ಕೆಂದೇ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರು 'ಯಶ್ಮಿತಾ' ಎಂಬ ಹೆಸರನ್ನು ಊರಿಗೆಲ್ಲ ಫೋನಿನಲ್ಲಿ ಹಂಚಿಯೂ ಆಗಿತ್ತು.

"ಮಾಮಿ, ಅವಳು ಇಲ್ಲದಿದ್ದರೆ ಈ ಮಗುವೇ ಇರುತ್ತಿರಲಿಲ್ಲ..." ಸೊಸೆ ಅಶ್ವಿತಾ ಮಗುವನ್ನು ಎದೆಗೊತ್ತಿಕೊಂಡಳು.

ಸುಳ್ಳಲ್ಲ. ಗಂಡ ಪೃಥ್ವಿರಾಜ್ ಏಷ್ಯನ್ ಗೇಮ್ಸಿನ ಕ್ರೀಡಾಂಗಣದ ಕೆಲಸದಲ್ಲಿದ್ದ ಮಧ್ಯಾಹ್ನ, ದಿನ ತುಂಬುವ ಮೊದಲೇ, ಇದೇ ಅಡುಗೆಮನೆಯ ನೆಲದ ಮೇಲೆ ಹೆರಿಗೆಯಾಗಿತ್ತು. ಮಗು ಅಳಲಿಲ್ಲ... ನೀಲಿಯಾಗಿತ್ತು! ಕೆಳಮಹಡಿಯ ಫಿಲಿಪ್ಪೀನ್ಸಿನ ನರ್ಸ್ ಓಡಿಬಂದು, ಆ ಪುಟ್ಟ ಬಾಯಿಗೆ ಬಾಯಿಟ್ಟು ಗಾಳಿ ಊದಿದಳು. ಮಗು ಎಳೆದುಕೊಂಡ ಮೊದಲ ಉಸಿರು ಅವಳದು. ಅವಳೇ ಅಂಪಾರೋ.

"ಉಪಕಾರಕ್ಕೆ ಒಂದು ಒಳ್ಳೆಯ ಸೀರೆ ಕೊಡುವ. ಹೆಸರು ಯಾಕೆ ಕೊಡಬೇಕು? ಕೊಟ್ಟರೆ ನಾನು ನಾಳೆಯೇ ವಿಮಾನ ಹತ್ತುತ್ತೇನೆ!"

ಪೃಥ್ವಿರಾಜ್ ಬಲೂನಿಗೆ ಗಾಳಿ ತುಂಬುವುದರಲ್ಲಿ ಮಗ್ನನಾದ. ತಾಯಿ–ಹೆಂಡತಿಯ ನಡುವೆ ಗಂಡಸಿಗೆ ಬಲೂನಿನಷ್ಟು ಒಳ್ಳೆಯ ಆಸರೆ ಇನ್ನೊಂದಿಲ್ಲ. ಬಾಯಿ ತುಂಬಿರುತ್ತದೆ.

ಹೆಸರಿನ ಬಗ್ಗೆ ಅಭಿಪ್ರಾಯಕ್ಕೇನೂ ಬರವಿರಲಿಲ್ಲ. ಮೇಲಿನ ಮನೆಯ ಯೂಸ್ಟೇಸ್ ಸಿಹಿ ಮೆಲ್ಲುತ್ತಲೇ, "ಸ್ಪ್ಯಾನಿಷ್ ಹೆಸರು ಮಾರಾಯ್ರೆ. ಆಸರೆ, ರಕ್ಷೆ ಅಂತ ಅರ್ಥ. ಆದರೆ ಈಗ ಗೋರಿಕಲ್ಲಿನ ಮೇಲೆ ಮಾತ್ರ ಸಿಗ್ತದೆ" ಎಂದಿದ್ದರು. ಸಲೂನಿನ ಫಿಲಿಪ್ಪಿನೋ ಹುಡುಗಿಯರಂತೂ "ಅಜ್ಜಿ ಹೆಸರು!" ಎಂದು ಬಿದ್ದುಬಿದ್ದು ನಕ್ಕಿದ್ದರು. ಹಬೀಬಾಳ ತೀರ್ಪು ಚುಟುಕಾಗಿತ್ತು: "ಯಶ್ಮಿತಾ ಅಂತ ಕೂಗಿದರೆ ಈ ಬೀದಿಯಲ್ಲಿ ಅರ್ಧ ಡಜನ್ ಮಕ್ಕಳು ಓಡಿ ಬರ್ತಾವೆ. ಇದಾದರೆ ಒಂದೇ ಬರ್ತದೆ."

ಆಗಲೇ ಬಾಗಿಲು ತಟ್ಟಿದ ಸದ್ದಾಯಿತು. ನೂಡಲ್ಸಿನ ದೊಡ್ಡ ತಟ್ಟೆ ಹಿಡಿದು ಅಂಪಾರೋಳೇ ನಿಂತಿದ್ದಳು. ಮೆಟ್ಟಿಲಲ್ಲೇ ತನ್ನ ಹೆಸರು ಕೇಳಿಸಿಕೊಂಡ ಮುಖ.

"ಅಶ್ವಿತಾ, ಪ್ಲೀಸ್, ಆ ಹೆಸರು ಬೇಡ," ಎಂದಳು ಇಂಗ್ಲಿಷಿನಲ್ಲಿ. "ಶಾಲೆಯಲ್ಲಿ ಹುಡುಗರು ಬೆನ್ನು ಬಗ್ಗಿಸಿ, ಕೋಲೂರಿಕೊಂಡು ನನ್ನ ಹಿಂದೆ ನಡೆಯುತ್ತಿದ್ದರು. ಕ್ಲಿನಿಕ್ಕಿನಲ್ಲಿ ನಾನು ಏಮಿ. ಮಗುವಿಗೆ ಆ ಕಷ್ಟ ಬೇಡ."

ಪೃಥ್ವಿರಾಜ್ ಬಲೂನು ಬಿಟ್ಟು ತಾಯಿಗೆ ಅದನ್ನು ಕನ್ನಡದಲ್ಲಿ ಹೇಳಿದ. ದುರ್ಗಾವತಿಯಮ್ಮನ ಸೌಟು ಪಾಯಸದಲ್ಲೇ ನಿಂತಿತು.

"ಕೇಳು ಅವಳನ್ನು... ಹಾಗಾದರೆ ಅಂಪಾರೋ ಅಂತ ಅವಳನ್ನು ಕರೆಯುವವರು ಯಾರು?"

"ಅಮ್ಮ ಕರೆಯುತ್ತಿದ್ದಳು. ಈಗಿಲ್ಲ. ಈಗ ಅಶ್ವಿತಾ ಒಬ್ಬಳೇ."

ದುರ್ಗಾವತಿಯಮ್ಮ ಗ್ಯಾಸ್ ಆರಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು. ಹಬೆ ಅಂತೆ!

"ಮಾಮಿ," ಅಶ್ವಿತಾ ಮಗುವನ್ನು ಅತ್ತೆಯ ಕೈಗಿಟ್ಟಳು. ಕಣ್ಣೀರು ಧಾರೆಯಾಗಿತ್ತು. "ಜಗಳ ಸಾಕು. ಅವಳಿಗೇ ಬೇಡವಾದರೆ... ಯಶ್ಮಿತಾ ಅಂತಲೇ ಹೇಳಿ. ನೀವು ಮಾತ್ರ ಹೋಗಬೇಡಿ."

ತೊಟ್ಟಿಲಿಗೆ ಹೂ ಕಟ್ಟಿತ್ತು. ದುರ್ಗಾವತಿಯಮ್ಮ ಮಗುವನ್ನು ಮಲಗಿಸಿ ಬಾಗಿದರು. ಕಿವಿಯಲ್ಲಿ ಹೇಳುವ ಮಾತು ಹೊರಗೆ ಕೇಳುವಂತಿಲ್ಲ. ಕೇಳಲೇಬೇಕೆಂದು ಹಬೀಬಾ ಬಾಗಿಲವರೆಗೂ ಬಂದಿದ್ದಳು. ಒಂದು ಹೆಸರಿಗೆ ಅಷ್ಟು ಹೊತ್ತೇ?

ಕೊನೆಗೆ ಅಜ್ಜಿ ತಲೆಯೆತ್ತಿ, ಶಾಸ್ತ್ರದಂತೆ ಗಟ್ಟಿಯಾಗಿ ಕೂಗಿದರು.

"ಅಂಪಾರೋ!"

ಕರೆದದ್ದು ಮಗುವನ್ನು. ಓಗೊಟ್ಟದ್ದು ಮಾತ್ರ ಬಾಗಿಲ ಬಳಿ ತಟ್ಟೆ ಹಿಡಿದು ನಿಂತವಳು... "ಯೆಸ್?" ಎಂದವಳೇ, ತಟ್ಟೆ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಅಮ್ಮ! ಊರಿಗೆಲ್ಲ ಬೇರೆ ಹೆಸರು ಹೇಳಿದ್ದೀರಲ್ಲ!" ಎಂದ ಪೃಥ್ವಿರಾಜ್.

"ಊರಿನವರು ಊದಿದ್ದಾ ಮಗುವಿನ ಬಾಯಿಗೆ ಉಸಿರು?" ಎಂದರು ತಾಯಿ. ಆಮೇಲೆ ತಗ್ಗಿದ ದನಿಯಲ್ಲಿ, ಯಾರ ಮುಖವನ್ನೂ ನೋಡದೆ, "ನನ್ನ ಹೆಸರು ದುಗ್ಗು. ಹಳ್ಳಿ ಮುದುಕಿಯರ ಹೆಸರು, ನಮ್ಮ ಮನೆಗೆ ಒಪ್ಪುವುದಿಲ್ಲ ಅಂತ ಮದುವೆಯ ದಿನವೇ ನನ್ನ ಅತ್ತೆ ದುರ್ಗಾವತಿ ಮಾಡಿದರು. ನನ್ನ ಅಮ್ಮ ಹೋದ ಮೇಲೆ ಆ ಹೆಸರಿನಿಂದ ಯಾರೂ ಕರೆದಿಲ್ಲ. ನಾನೂ ಅದೇ ಅತ್ತೆಯಾಗಲು ಹೊರಟಿದ್ದೆನಲ್ಲಾ..."

ಅಶ್ವಿತಾ ಓಡಿಬಂದು ಅವರನ್ನು ತಬ್ಬಿಕೊಂಡಳು. ಅಂಪಾರೋಗೆ ಕನ್ನಡ ಒಂದಕ್ಷರವೂ ತಿಳಿಯದು. ಆದರೂ ಇಷ್ಟುದ್ದದ ಮಾತಿನಲ್ಲಿ ಹೆಸರು ಯಾವುದೆಂದು ಹೇಗೋ ಹಿಡಿದಳು. ಕಣ್ಣೊರೆಸಿಕೊಂಡು, ಆ ಮುದುಕಿಯ ಎರಡೂ ಕೈ ಹಿಡಿದು, ಮೆಲ್ಲಗೆ ಕರೆದಳು:

"ದುಗ್ಗು?"

"ಓ..." ಎಂದರು ಅವರು.