ಅಳತೆ ಕೊಟ್ಟ ನೆರಳು

"ಹೊತ್ತು ಇಳಿಯೋವರೆಗೂ ಸೇತುವೆ ಹತ್ತಬೇಡ ಮಗಳೇ. ಗಾರೆ ಇನ್ನೂ ಹಸಿ. ಮೇಸ್ತ್ರಿ ಮಿಂಚೋ ಕೈಯಲ್ಲಿ ಅಳತೆ ನೂಲಿದೆ."

ಸ್ಟೊಯ್ನಾ ಅಜ್ಜಿ ಮೇಕೆಯ ಹಗ್ಗ ಬಿಗಿಹಿಡಿದು, ತನ್ನ ನೆರಳು ಕಲ್ಲಿಗೆ ತಾಗದಷ್ಟು ದೂರದಲ್ಲೇ ನಿಂತಿದ್ದಳು.

ಬಿಲ್ಯಾನಾ ನಕ್ಕಳು. ಸೋಫಿಯಾ ನಗರದಿಂದ ಈ ರೊಡೋಪಿ ಬೆಟ್ಟಗಳಿಗೆ ಅವಳು ಬಂದದ್ದೇ ಈ ಹಳೆಯ ಕಮಾನು ಸೇತುವೆಗಾಗಿ. ಇದನ್ನು ಕಟ್ಟಿಸಿದ ಸುಲ್ತಾನರ ಕಾಲ, ಹೇಸರಗತ್ತೆಗಳ ಸಾಲು, ತಾಮ್ರದ ಗಂಟೆ, ಉಣ್ಣೆಯ ಮೂಟೆ. ತಾನು ಹುಟ್ಟಬೇಕಿದ್ದ ಕಾಲ ಅದೇ ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಆಚೆ ದಡದಲ್ಲಿ ಗಂಡ ಕಾಲೊಯಾನ್ ಕಾರಿನಿಂದ ಹಾರ್ನ್ ಒತ್ತಿದ. ಎರಡು ಗಿಡ್ಡ, ಒಂದು ಉದ್ದ. ಬೇಗ ಬಾ ಎಂದರ್ಥ.

"ನೂಲು ಏನ್ಮಾಡುತ್ತೆ ಅಜ್ಜಿ?"

"ನೆರಳಿನ ಅಳತೆ ತಗೊಂಡು ಕಲ್ಲಿನಡಿ ಮುಚ್ತಾರೆ. ಸೇತುವೆ ನಿಲ್ಲುತ್ತೆ. ಆ ನೆರಳಿನವರು ಸೇತುವೆ ಹುಟ್ಟಿದ ಕಾಲಕ್ಕೆ ಹೋಗ್ತಾರೆ, ಕಾವಲಿಗೆ."

"ಬಸ್ಸಿಲ್ಲ, ಟಿಕೆಟ್ಟಿಲ್ಲ. ಇನ್ನೇನು ಬೇಕು?"

ಅಜ್ಜಿ ಕೇಡು ತಟ್ಟದಿರಲೆಂದು ಎದೆಗೆ ಉಗುಳಿಕೊಂಡು ಮೇಕೆಯನ್ನು ಎಳೆದುಕೊಂಡು ಹೋದಳು.

ಕಮಾನಿನ ನೆತ್ತಿಯಲ್ಲಿ, ಮುರಿದ ಕಟ್ಟೆಯ ಬಳಿ ಮಿಂಚೋ ಮೇಸ್ತ್ರಿ ಗಾರೆ ಕಲಸುತ್ತ ಕೂತಿದ್ದ. ನೆನೆದ ಸುಣ್ಣದ ಸುಡುವಾಸನೆ. ಕೆಳಗಿನಿಂದ ಏನೋ ಗೊಗ್ಗರು ದನಿ. ಹತ್ತಿ ಬಂದ ಬಿಲ್ಯಾನಾ ನಿಂತಳು.

"ಕೆಳಗೆ ಯಾರೋ ಕೂಗಿದ ಹಾಗಿತ್ತಲ್ಲ?"

"ನೀರು," ಅಂದ ಮಿಂಚೋ, ತಲೆಯೆತ್ತದೆ.

"ನನ್ನ ಅಳತೆ ತಗೋ ಅಣ್ಣ."

ಅವನ ಕೈ ನಿಂತಿತು. "ನಾವು ನೆರಳು ಕದೀತೀವಿ ತಂಗಿ, ಕೇಳಲ್ಲ. ಕದ್ದಿದ್ದು ಯಾವತ್ತಾದ್ರೂ ವಾಪಸ್ ಬರುತ್ತೆ. ಕೊಟ್ಟಿದ್ದು ಬರಲ್ಲ."

"ಕೊಟ್ಟೆ. ಸಾಕಾ?"

ಅವನು ಅವಳ ಮುಖ ನೋಡಲಿಲ್ಲ. ನೆರಳಿನ ನೆತ್ತಿಯಿಂದ ಹಿಮ್ಮಡಿಗೆ ನೂಲು ಹಾಸಿದ. ಹಲ್ಲಿನಲ್ಲಿ ಕಡಿದ. ಅದನ್ನು ಕಟ್ಟೆಯ ಬಿರುಕಿಗಿಟ್ಟು, ಗಾರೆ ಸುರಿದು ಕಲ್ಲು ಕೂರಿಸಿ ಕೊಡತಿ ಎತ್ತಿದ. ಆಚೆ ದಡದ ಹಾರ್ನ್ ಉದ್ದ ಸದ್ದಿನ ನಡುವೆಯೇ ತುಂಡಾಯಿತು.

ಕತ್ತಲು. ಬಾಯಿ ತುಂಬ ಸುಣ್ಣ.

ಆಮೇಲೆ ತಲೆಯ ಮೇಲೆ ಗಂಟೆಗಳು, ಗೊರಸುಗಳು. ಹುರಿದ ಕಾಫಿಯ, ಒದ್ದೆ ಉಣ್ಣೆಯ ವಾಸನೆ. ಅವಳು ಬಯಸಿದ ಕಾಲ. ಸಂತೋಷಕ್ಕೆ ಅತ್ತೇಬಿಟ್ಟಳು. ಕೆಂಪು ನಡುಪಟ್ಟಿಯ ಸವಾರನಿಗೆ ಕೈಯೆತ್ತಿದಳು. ಹೇಸರಗತ್ತೆ ಬೆದರಿತು. ಸವಾರ ಅವಳಿದ್ದ ಜಾಗ ನೋಡಿದ, ಅವಳನ್ನಲ್ಲ. ಪ್ರಾರ್ಥನೆ ಗೊಣಗಿ ಚಾವಟಿ ಬೀಸಿದ. ಅವಳು ದಡದ ಕಡೆ ಓಡಿದಳು. ನೂಲಿನುದ್ದ ಮುಗಿದಲ್ಲಿ ಹಿಮ್ಮಡಿ ಜಗ್ಗಿತು. ಕೆಳಗೆ ನೋಡಿಕೊಂಡಳು. ಮೈಯಿರಲಿಲ್ಲ. ಬಿಸಿಲು ಬಿದ್ದ ಕಲ್ಲಿನ ಮೇಲೆ ಒಂದು ಕರಿ ನೆರಳಷ್ಟೆ.

ತಾಯಂದಿರು ಮಕ್ಕಳನ್ನು ಅವಳ ಮೇಲಿಂದ ಎತ್ತಿ ದಾಟಿಸುತ್ತಿದ್ದರು. ಒಬ್ಬ ಮದುಮಗಳು ಕಾವಲಿನವರಿಗೆಂದು ರೊಟ್ಟಿಚೂರು ಇಟ್ಟಳು. ಇರುವೆಗಳು ತಿಂದವು. ರಾತ್ರಿ ಅವಳು ಇರುತ್ತಲೇ ಇರಲಿಲ್ಲ. ಹಗಲು ಅವಳಿಗೆಂದು ಯಾರೂ ಇರುತ್ತಿರಲಿಲ್ಲ. ಅವಳು ಪ್ರೀತಿಸಿದ ಕಾಲ ಗಂಟೆಯಾಡಿಸಿಕೊಂಡು ಅವಳನ್ನು ತುಳಿದು ಹೋಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ದನಿ ಒಣಗಿತು. ಗಂಡನ ಮುಖ ಮರೆತುಹೋಯಿತು. ಉಳಿದದ್ದು ಇಷ್ಟೇ: ಎರಡು ಗಿಡ್ಡ, ಒಂದು ಉದ್ದ.

ಒಂದು ಮಧ್ಯಾಹ್ನ ಅದು ಕೇಳಿಸಿತು.

ಮೇಲೆ ಹೆಣ್ಣುನಗು. ಪರಿಚಿತ ನಗು. ಹೆಜ್ಜೆಗಳು ಕಮಾನು ಹತ್ತಿದವು. ಅಷ್ಟೂ ವರ್ಷಗಳು ಗಂಟಲಿಗೆ ಬಂದವು. ಕೊಡಬೇಡ. ತಿರುಗು. ಅವನು ಆಚೆ ದಡದಲ್ಲೇ ಇದ್ದಾನೆ. ಕಾಯುತ್ತಿದ್ದಾನೆ. ಕಲ್ಲು ಬಿರಿಯುವಂತೆ ಕೂಗಿದಳು.

ಹೆಜ್ಜೆಗಳು ನಿಂತವು.

"ಕೆಳಗೆ ಯಾರೋ ಕೂಗಿದ ಹಾಗಿತ್ತಲ್ಲ?"

"ನೀರು," ಅಂದ ಮಿಂಚೋ.