ಟೀಚರ್ ಮೇಡಂನ ಒಂಬತ್ತು ಟೇಪು

ಫೋಟೋ ಸ್ಟುಡಿಯೋದವನು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದ. ಟೀಚರ್ ಕೊಟ್ಟುಹೋದ ಕ್ಯಾಮ್‌ಕಾರ್ಡರ್ ಟೇಪುಗಳಲ್ಲಿ ಮೊದಲನೆಯದು ಕಂಪ್ಯೂಟರಿಗೆ ಇಳಿದಿತ್ತು. ಚಿತ್ರ ಸ್ವಚ್ಛವಾಗಿತ್ತು, ಸದ್ದು ಮಾತ್ರ ಇರಲಿಲ್ಲ. ಮೂರು ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನೋಡಿದ. ಒಂದರಲ್ಲೂ ಟೇಪು ತುಟಿಪಿಟಿಕ್ಕೆನ್ನಲಿಲ್ಲ.

ಆಕೆ ಬಂದಾಗ ತಪ್ಪು ಮಾಡಿದವನಂತೆ ಎದ್ದು ನಿಂತ. "ನಿಮ್ಮ ವಾಯ್ಸ್ ಎಲ್ಲೋ ಹಾರಿಹೋಗಿದೆ ಮೇಡಂ."

ಆಕೆಗೆ ನಗು ತಡೆಯಲಾಗಲಿಲ್ಲ. "ನಾನು ಕಿವಿ ಕೇಳದ ಮಕ್ಕಳ ಟೀಚರ್. ಇದೆಲ್ಲ ಕೈಸನ್ನೆಯ ಪಾಠ. ಕ್ಯಾಮೆರಾದ ಮೈಕ್ ಕೆಟ್ಟು ವರ್ಷ ಆಯ್ತು, ರಿಪೇರಿ ಮಾಡಿಸೋ ಗೋಜಿಗೇ ಹೋಗಿಲ್ಲ."

ರಜೆಗೆ ಮಕ್ಕಳು ಮನೆಗೆ ಬಂದಾಗ ಅಮ್ಮಂದಿರಿಗೂ ಅವರ ಜೊತೆ ನಾಲ್ಕು ಮಾತಾಡಲು ಬರಲಿ ಎಂಬುದು ಆಕೆಯ ಆಸೆ. ಆ ಮನೆಗಳಲ್ಲಿದ್ದದ್ದು ಡಿವಿಡಿ ಪ್ಲೇಯರ್ ಮಾತ್ರ. ರಜೆಗೆ ಉಳಿದಿದ್ದು ಹತ್ತೇ ದಿನ, ಟೇಪು ಒಂಬತ್ತು. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಹಿಡಿಯುತ್ತದೆ. ಆಮೇಲೆ ಅದನ್ನು ಡಿವಿಡಿಗೆ ಒಗ್ಗುವಂತೆ ಬದಲಾಯಿಸಿ ಡಿಸ್ಕಿಗೆ ಬರೆಯಬೇಕು.

ಶಾಲೆ ಬಿಟ್ಟ ಕೂಡಲೇ ಆಕೆ ಬರತೊಡಗಿದಳು. "ನೀವು ಕೂತಿರಲೇಬೇಕು ಅಂತೇನಿಲ್ಲ," ಎಂದ ಮೊದಲ ದಿನ. ಮರುದಿನ ಆ ಮಾತೆತ್ತಲಿಲ್ಲ. ಇನ್ನೊಂದು ಕುರ್ಚಿಯನ್ನು ಒರೆಸಿಟ್ಟಿದ್ದ.

ಪಕ್ಕದಲ್ಲಿ ಕೂತವಳಿಗಿಂತ ಪರದೆಯ ಮೇಲಿನವಳನ್ನು ನೋಡುವುದು ಅವನಿಗೆ ಸಲೀಸು. ಆ ಬೆರಳುಗಳು, ಮಾತು ಮುಗಿದ ಮೇಲೆ ಮೇಲೇಳುವ ಆ ಹುಬ್ಬು.

"ಅಷ್ಟು ಕಣ್ಣಿಟ್ಟು ಏನು ನೋಡ್ತೀರಿ?"

"ಕ್ವಾಲಿಟಿ."

"ಹೇಗಿದೆ?"

"ಚೆನ್ನಾಗಿದೆ," ಎಂದ, ಪರದೆಯಿಂದ ಕಣ್ಣು ಕೀಳದೆ. ಆಕೆ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ನಕ್ಕಳು.

ಹತ್ತನೆಯ ಸಂಜೆ ಎಲ್ಲ ಡಿಸ್ಕುಗಳೂ ಸಿದ್ಧವಾಗಿದ್ದವು. ಇನ್ನು ಆಕೆ ಬರಲು ಕಾರಣವಿಲ್ಲ ಎಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಆಕೆ ಚೀಲ ಹೆಗಲಿಗೇರಿಸುವಾಗ ಅವನು ಅಡ್ಡ ಬಂದು ನಿಂತ. ಕೈ ಎತ್ತಿದ. ಟೇಪು ನೋಡಿ ನೋಡಿ ಕಲಿತದ್ದನ್ನು ಬೆರಳುಗಳಲ್ಲಿ ಹೇಳಿದ.

ಆಕೆ ಗಂಭೀರವಾಗಿ ನೋಡಿದಳು. "ನಮ್ಮಜ್ಜಿ ನಿಮಗೆ ಇಷ್ಟ ಅಂದ್ರಿ. ಕೇಳಿ ನೋಡ್ತೀನಿ, ಅವರು ಒಪ್ಪಬಹುದು."

ಅವನು ನೆಲ ನೋಡಿದ. ಆಕೆ ಚೀಲ ಕೆಳಗಿಟ್ಟು ಹತ್ತಿರ ಬಂದಳು. ಅವನ ಕೈ ಹಿಡಿದು ಒಂದೊಂದೇ ಬೆರಳನ್ನು ಸರಿಮಾಡಿದಳು.

"ಹೂಂ, ಈಗ ಹೇಳಿ."

ಹೇಳಿದ. ಈ ಸಲ ತಪ್ಪಲಿಲ್ಲ.

ಆಕೆಯ ಕೈಗಳು ಸರಸರನೆ ಉತ್ತರಿಸಿದವು. ಅವನಿಗೆ ಒಂದೂ ಅರ್ಥವಾಗಲಿಲ್ಲ. "ಇದು ಯಾವ ಟೇಪಲ್ಲಿತ್ತು?"

"ಯಾವುದರಲ್ಲೂ ಇಲ್ಲ," ಎಂದಳು ಆಕೆ, ಕೆನ್ನೆ ಕೆಂಪಾಗಿ. "ಅದನ್ನ ನಾನು ಮಕ್ಕಳಿಗೆ ಕಲಿಸಲ್ಲ. ನಾಳೆ ಬರ್ತೀನಿ, ಕುರ್ಚಿ ತೆಗೀಬೇಡಿ."