ಅಂಗೈ ಕೆಳಗಿನ ಅಂಗೈ

ಈರವ್ವ ಲಿಂಗೈಕ್ಯಳಾದ ಸುದ್ದಿ ಮೊದಲು ಮುಟ್ಟಿದ್ದು ಒಂದು ಯಂತ್ರಕ್ಕೆ. ಅದು ಸಾವಿನ ಸುದ್ದಿಯೆಂದು ಯಂತ್ರಕ್ಕೆ ತಿಳಿಯಲಿಲ್ಲ, ಅಷ್ಟೇ.

ಗದಗಿನ ಆಸರೆ ಮಂಡಳಿಯ ಕಚೇರಿಯಲ್ಲಿ ಒಂದು ಗೋಡೆಯ ತುಂಬ ಬೆಳಕಿನ ಗೆರೆಗಳು ಹರಿಯುತ್ತಿದ್ದವು. ಒಂದೊಂದು ಗೆರೆಯೂ ಜಿಲ್ಲೆಯ ಒಬ್ಬೊಬ್ಬ ಅಂಗವಿಕಲರ ಮಣಿಕಟ್ಟಿನಿಂದ ಬರುವಂಥದು. ಮಣಿಕಟ್ಟಿಗೆ ಕಟ್ಟುವ ಆ ಸಾಧನಕ್ಕೆ ಸ್ಥೈರ್ಯಪಟ್ಟಿ ಎಂದು ಹೆಸರು. ನರಗಳಲ್ಲಿ ಓಡುವ ಸಣ್ಣ ವಿದ್ಯುತ್ತನ್ನೂ ನಾಡಿಯನ್ನೂ ಕೈಯ ಅಲುಗಾಟವನ್ನೂ ಅಳೆದು, ಈ ಮನುಷ್ಯನಿಂದ ಎಷ್ಟು ಕೆಲಸವಾದೀತು ಎಂದು ಅದು ಹೇಳುತ್ತಿತ್ತು. ಅಂದಾನಪ್ಪನವರ ಗೆರೆ ಹಗಲೆಲ್ಲ ಗಾಳಿಗೆ ಸಿಕ್ಕ ಜೋಳದ ಗರಿಯಂತೆ ನಡುಗಿದರೂ, ಮುಂಜಾನೆ ಪೂಜೆಯ ಹೊತ್ತಿಗೆ ಮಾತ್ರ ಬಿಗಿದ ತಂತಿಯಂತೆ ನೇರವಾಗುತ್ತಿತ್ತು. ಆ ದಿನ ನೇರವಾಗಲಿಲ್ಲ. 'ಪಟ್ಟಿ ಸಡಿಲಾಗಿದೆ' ಎಂದು ಯಂತ್ರ ಗುರುತು ಹಾಕಿಕೊಂಡು ಸುಮ್ಮನಾಯಿತು.

ಅದೇ ಗಳಿಗೆಯಲ್ಲಿ, ಬೆಟಗೇರಿಯ ಮನೆಯಲ್ಲಿ ಅಂದಾನಪ್ಪನವರು ಹಣೆಗೆ ವಿಭೂತಿ ಧರಿಸಿ, ಎಡ ಅಂಗೈ ಚಾಚಿ ಕುಳಿತಿದ್ದರು. ಅದರ ಕೆಳಗೆ ಬರಬೇಕಾದ ಕೈ ಬರಲಿಲ್ಲ.

"ಈರವ್ವಾ, ಹೊತ್ತಾತು" ಎಂದರು. ಇನ್ನೊಮ್ಮೆ ಕೂಗಿದರು.

ಹೆಂಡತಿ ಈರವ್ವ ಅಡುಗೆಮನೆಯ ಗೋಡೆಗೆ ಒರಗಿದ್ದಳು. ಪೂಜೆಗೆಂದು ಬಿಡಿಸುತ್ತಿದ್ದ ಕಣಗಿಲೆ ಹೂವು ಮಡಿಲಲ್ಲಿತ್ತು. ಹೂವು ಬಾಡುವ ಮೊದಲೇ ಅವಳು ಶಿವನ ಪಾದ ಸೇರಿದ್ದಳು.

ಅಂದಾನಪ್ಪನವರು ಒಂದು ಕಾಲಕ್ಕೆ ಹಾರ್ಮೋನಿಯಂ ರಿಪೇರಿಯಲ್ಲಿ ಹೆಸರು ಪಡೆದವರು. ಹಿತ್ತಾಳೆಯ ಸ್ವರಪಟ್ಟಿಯನ್ನು ಕೂದಲೆಳೆಯಷ್ಟು ಉಜ್ಜಿ ಸ್ವರ ಕೂಡಿಸುವ ಕೈ ಅದು. ನಡುಕದ ರೋಗ ಬಂದ ಮೇಲೆ ಆ ಕೈಗೆ ತುತ್ತನ್ನು ಬಾಯಿಗೆ ಒಯ್ಯುವುದೂ ಆಗದಾಯಿತು. ಸರಕಾರದ ಆಸರೆಯಿಂದ ಒಬ್ಬ ಸಹಾಯಕ ದಿನವೂ ಬಂದು ಮೀಯಿಸಿ, ಉಣ್ಣಿಸಿ ಹೋಗುತ್ತಿದ್ದ. ಉಳಿದದ್ದೆಲ್ಲ ಈರವ್ವ ನೋಡಿಕೊಳ್ಳುತ್ತಿದ್ದಳು.

ಈರವ್ವನ ಹಾಲು-ತುಪ್ಪದ ಕಾರ್ಯ ಮುಗಿದ ಮರುದಿನ, ಗಾಯದ ಮೇಲೆ ಬರೆ ಎಳೆದಂತೆ ಮಂಡಳಿಯ ತೀರ್ಮಾನ ಬಂತು. 'ನಿಮ್ಮ ಕೈ ಸ್ಥಿರವಾಗಿರುವುದು ಪಟ್ಟಿಯ ಮಾಪನದಿಂದ ಸಿದ್ಧವಾಗಿದೆ. ಆಸರೆಯನ್ನು ನಿಲ್ಲಿಸಲಾಗಿದೆ. ತಾವು ಹಳೆಯ ಕಸಬಿಗೆ ಮರಳಬಹುದು.'

ಪಕ್ಕದ ಮನೆಯ ಗುರುಬಸವ್ವ ಅದನ್ನು ಓದಿ ಕೆಂಡವಾದಳು. ಆಕೆ ಬಸ್ ಕಂಡಕ್ಟರಾಗಿ ನಿವೃತ್ತಳಾದವಳು. ಆಕೆಯ ದನಿಗೆ ಸಂತೆಯೇ ದಾರಿ ಬಿಡುತ್ತಿತ್ತು.

"ಹಳೇ ಕಸಬಂತ! ನೀರಿನ ಲೋಟ ಹಿಡದ್ರ ಎದಿಮ್ಯಾಲೆ ಮಳಿ ಬರ್ತದ ಈ ಅಣ್ಣಗ. ಏಳಣ್ಣಾ, ಮೇಲ್ಮನವಿ ಹಾಕೂಣು."

"ಬ್ಯಾಡವಾ ತಂಗಿ. ಆಕೀನ ಹ್ವಾದ ಮ್ಯಾಲೆ ಇನ್ನ ಯಾತರ ಆಸರಿ?"

"ಆಕಿ ಇದ್ದಿದ್ರ ಸುಮ್ಮ ಕೂಡ್ತಿದ್ಲೇನು? ನೀ ಉಪವಾಸ ಬಿದ್ರ ನಾಳೆ ಅಲ್ಲಿ ಆಕಿ ಮುಂದ ನಾ ಹ್ಯಾಂಗ ಮಾರಿ ತೋರಸ್ಲಿ?"

ಅಂದಾನಪ್ಪನವರು ಗೋಡೆ ಹಿಡಿದು ಎದ್ದರು.

ವಿಚಾರಣೆಯ ದಿನ ಕಚೇರಿ ಕಿಕ್ಕಿರಿದಿತ್ತು. ಸ್ಥೈರ್ಯಪಟ್ಟಿಯ ಮೇಲೆ ಬಂದ ಮೊದಲ ಮೇಲ್ಮನವಿ ಅದು. ಪಟ್ಟಿಯನ್ನು ಕಂಡುಹಿಡಿದ ಡಾ. ಸುಲೋಚನಾ ಕಾಖಂಡಕಿಯವರೇ ಧಾರವಾಡದಿಂದ ಬಂದಿದ್ದರು. ನೀಳ ನಿಲುವು, ಚುರುಕು ಕಣ್ಣು, ಮಾತಿನಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

"ದಿನದಲ್ಲಿ ಕೈ ಎಲ್ಲಕ್ಕಿಂತ ಸ್ಥಿರವಾಗಿರುವ ಹೊತ್ತು ಯಾವುದೋ ಅದೇ ಅದರ ನಿಜವಾದ ಬಲ" ಎಂದು ಅವರು ಮಂಡಳಿಗೆ ವಿವರಿಸಿದರು. "ಉಳಿದದ್ದು ದಣಿವು, ಇಲ್ಲವೇ ನೆವ. ಇವರ ಕೈ ತಿಂಗಳುಗಟ್ಟಲೆ ಪ್ರತಿದಿನ ಮುಂಜಾನೆ ಬಂಡೆಯಂತೆ ನಿಂತಿದೆ, ನೋಡಿ. ಈಚೆಗೆ ಪಟ್ಟಿ ಸಡಿಲಾಗಿದೆ, ಅಷ್ಟೇ." ಗೋಡೆಯ ಮೇಲೆ ನೇರವಾದ ಗೆರೆಗಳು ಸಾಲಾಗಿ ಮೂಡಿದವು.

ಅಧ್ಯಕ್ಷರು ಮುದ್ರಿಸಿಟ್ಟ ದನಿಯೊಂದನ್ನು ಕೇಳಿಸಿದರು. ಪರೀಕ್ಷೆಗೆ ಬಂದ ಅಧಿಕಾರಿ ಹಿಂದೆ ಕೇಳಿದ್ದ ಪ್ರಶ್ನೆ: 'ಪೂಜೆಗೆ ನಿಮಗೆ ಇನ್ನೊಬ್ಬರ ಸಹಾಯ ಬೇಕೇ?' ಅದಕ್ಕೆ ಅಂದಾನಪ್ಪನವರ ಉತ್ತರ: 'ಛೇ ಛೇ! ನನ್ನ ಲಿಂಗಪೂಜಿ ನಾನ ಮಾಡ್ಕೋಬೇಕ್ರಿ. ನಡುವ ಇನ್ನೊಬ್ರು ಬರೂಹಂಗಿಲ್ಲ.'

"ಇದು ನಿಮ್ಮ ಮಾತೇ ತಾನೆ?"

"ನಂದ ಮಾತು ಖರೇರಿ."

"ಅಯ್ಯ ಅಣ್ಣಾ!" ಎಂದು ಗುರುಬಸವ್ವ ಹಣೆ ಹಣೆ ಬಡಿದುಕೊಂಡಳು. "ಖರೆ ಹೇಳಾಕ ಹೋಗಿ ಕೊಳ್ಳ ಕೊಯ್ಕೊಂಡಿ. ಈರವ್ವನ ಕೈ ಕೆಳಗಿರ್ತಿತ್ತಲ್ಲೋ!"

ಅಂದಾನಪ್ಪನವರು ತಲೆಯೆತ್ತಿದರು. ಅವರು ಸುಳ್ಳು ಹೇಳಿರಲಿಲ್ಲ. ಅವರವರ ಲಿಂಗವನ್ನು ಅವರವರೇ ಪೂಜಿಸಬೇಕು, ದೇವರಿಗೂ ಭಕ್ತನಿಗೂ ನಡುವೆ ಮತ್ತೊಬ್ಬರಿಲ್ಲ ಎಂದು ತಂದೆ ಕಲಿಸಿದ ಮಾತನ್ನೇ ಹೇಳಿದ್ದರು. ಅವರ ಅಂಗೈಯಲ್ಲಿ ಲಿಂಗ; ಆ ಅಂಗೈ ಕೆಳಗೆ ಈರವ್ವನ ಅಂಗೈ. ಅದನ್ನು ಸಹಾಯವೆಂದು ಅವರು ಒಂದು ದಿನವೂ ಎಣಿಸಿರಲಿಲ್ಲ. ಈರವ್ವ ಅವರಿಗೆ 'ಇನ್ನೊಬ್ಬರು' ಆಗಿರಲೇ ಇಲ್ಲ.

"ಹೌದ್ರಿ" ಎಂದರು ಮೆಲ್ಲಗೆ. "ಆಕಿ ಕೈ ಇರ್ತಿತ್ತು."

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ಸಾಕ್ಷಿ ಹೇಳಬೇಕಾದವರು ಈಗ ಇಲ್ಲವಲ್ಲ."

"ಇದ್ದರೂ ವ್ಯತ್ಯಾಸವಾಗದು" ಎಂದರು ಡಾ. ಸುಲೋಚನಾ. "ಪಟ್ಟಿ ಕಟ್ಟಿಕೊಂಡವರ ನರವನ್ನಷ್ಟೇ ಅದು ಓದುತ್ತದೆ. ಯಾರು ಮುಟ್ಟಿದರೂ ಅದು ಮೋಸಹೋಗದು."

"ಹಂಗಾರ ಇಲ್ಲೇ ನೋಡೇಬಿಡ್ರಿ! ಅಣ್ಣಾ, ಪೂಜಿ ಮಾಡು" ಎಂದಳು ಗುರುಬಸವ್ವ.

ಅಂದಾನಪ್ಪನವರು ಹಿಂಜರಿದರು. ಈರವ್ವ ಹೋದಂದಿನಿಂದ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನೇ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದರು. ನಡುಗುವ ಕೈಯಿಂದ ಲಿಂಗ ಜಾರಿ ನೆಲಕ್ಕೆ ಬಿದ್ದರೆ? ಅದಕ್ಕಿಂತ ತಾನೇ ಬಿದ್ದು ಹೋಗುವುದು ಲೇಸು. ಆದರೆ ಬಿಲ್ವದೆಲೆ ಕಾಣದ ಆ ಕಚೇರಿಯಲ್ಲೂ ಶಿವನಿಲ್ಲದ ಜಾಗವಿದೆಯೇ?

"ನಿನ್ನ ಇಚ್ಛಾ, ತಂದೀ" ಎಂದು ಕರಡಿಗೆ ಬಿಚ್ಚಿದರು.

ಗೋಡೆಯ ಮೇಲೆ ಅವರ ಗೆರೆಯೊಂದೇ ಉಳಿಯಿತು. ಲಿಂಗ ಅಂಗೈಗೆ ಬಂತು. ಗೆರೆ ಚಿಮ್ಮಿತು, ಕುಸಿಯಿತು, ಮತ್ತೆ ಚಿಮ್ಮಿತು. ಕೈ ತುಸು ಮೇಲೇರಿತು. ಜನ ಉಸಿರು ಬಿಗಿಹಿಡಿದರು. ಹಿಂದಿದ್ದವರು ಬೆಂಚು ಹತ್ತಿ ನಿಂತರು. ಬೆರಳುಗಳ ನಡುಕ ಹೆಚ್ಚಿ, ಲಿಂಗ ಅಂಗೈಯ ಅಂಚಿಗೆ ಸರಿಯಿತು. ಇನ್ನೊಂದು ಕೂದಲೆಳೆ ಸರಿದರೆ ಮುಗಿಯಿತು.

"ಶಿವನೇ!" ಎಂಬ ಕೂಗು ಎದ್ದಿತು. ಕೂಗಿದವರು ಡಾ. ಸುಲೋಚನಾ. ಎದುರಿಗಿದ್ದ ಅವರು ಯಾವ ಯೋಚನೆಯೂ ಇಲ್ಲದೆ ಮುಂದೆ ನುಗ್ಗಿ, ತಮ್ಮ ಎರಡೂ ಕೈಗಳನ್ನು ಆ ಅಂಗೈ ಕೆಳಗೆ ಒಡ್ಡಿಬಿಟ್ಟಿದ್ದರು.

ಲಿಂಗ ನಿಂತಿತು. ಕೈ ನಿಂತಿತು. ಗೋಡೆಯ ಮೇಲಿನ ಗೆರೆ ಬಿಗಿದ ತಂತಿಯಂತೆ ನೇರವಾಯಿತು.

'ಕೈ ಸ್ಥಿರ. ಆಸರೆ ಅನಗತ್ಯ' ಎಂದು ಯಂತ್ರ ಗಟ್ಟಿಯಾಗಿ ಸಾರಿತು.

ಒಡನೆಯೇ ಗುರುಬಸವ್ವನ ದನಿ ಇಡೀ ಕಚೇರಿಯನ್ನು ತುಂಬಿತು. "ನೋಡ್ರೀ ಸಾಹೇಬ್ರ! ಇಬ್ರು ಹತ್ಯಾರ, ಒಂದ ಟಿಕೇಟ್ ಹರದೀರಿ! ಆ ಇನ್ನೊಬ್ರು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ!"

ನಗೆಯೂ ಚಪ್ಪಾಳೆಯೂ ಒಟ್ಟಿಗೆ ಎದ್ದವು. ಡಾ. ಸುಲೋಚನಾ ಮಾತ್ರ ನಗಲಿಲ್ಲ. ಲಿಂಗ ಕರಡಿಗೆ ಸೇರುವವರೆಗೂ ಅವರು ಕೈ ತೆಗೆಯಲಿಲ್ಲ. ಆಮೇಲೆ ಯಂತ್ರದತ್ತ ಓಡಿದರು.

"ಅಧ್ಯಕ್ಷರೇ, ಪಟ್ಟಿಗೆ ಮುಖ್ಯ ನಾಡಿಯ ಜೊತೆಗೆ ಒಂದು ಸಣ್ಣ ಮಿಡಿತವೂ ಕೇಳಿಸುತ್ತಿತ್ತು. ಅದು ಹೊರಗಿನ ಗದ್ದಲವೆಂದು ಬೇರೆ ತೆಗೆದಿಡಲು ನಾನೇ ಯಂತ್ರಕ್ಕೆ ಕಲಿಸಿದ್ದೆ. ಅದು ಗದ್ದಲವಲ್ಲ, ಕೆಳಗಿನ ಕೈಯ ಮಿಡಿತ. ಅದು..." ಅವರ ಬೆರಳು ಸರಸರ ಓಡಿತು. ನೇರ ಗೆರೆಗಳ ಕೆಳಗೆ ಎರಡನೆಯ ಗೆರೆಗಳು ಒಂದೊಂದಾಗಿ ಮೂಡಿಬಂದವು. "ಅದು ಈರವ್ವನವರ ನಾಡಿ!"

ಅಂದಾನಪ್ಪನವರು ಎದ್ದು ನಿಂತರು. ಗೋಡೆಯ ಮೇಲೆ ಅವರಿಬ್ಬರೂ ಇದ್ದರು. ಮೇಲೆ ಅವರು, ಕೆಳಗೆ ಅವಳು. ಮುಂಜಾನೆಯಿಂದ ಮುಂಜಾನೆಗೆ ಜೊತೆಜೊತೆಯಾಗಿ. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗೆ ಕಂಡಿತು.

"ಆಕೀನ ಅದಾಳ" ಎಂದರು. "ಸಾಕ್ಷಿ ಹೇಳಾಕ ತಾನ ಬಂದಾಳ್ರಿ."

ಆದರೆ ಗೆರೆಗಳು ಮುಂದೆ ಸರಿದಂತೆ ಸುಲೋಚನಾರ ಮುಖ ಕಳೆಗುಂದಿತು. ಕೊನೆಯ ತಿಂಗಳುಗಳಲ್ಲಿ ಕೆಳಗಿನ ಗೆರೆ ಅಲ್ಲಲ್ಲಿ ಮಿಡಿತ ತಪ್ಪಿತ್ತು. ಬರಬರುತ್ತ ಹೆಚ್ಚು ತಪ್ಪಿತ್ತು. ಮೇಲಿನ ಗೆರೆ ಮಾತ್ರ ಅಲುಗಿರಲಿಲ್ಲ.

"ಇವರ ಹೃದಯ ಸೋಲುತ್ತಿತ್ತು" ಎಂದರು ಅವರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. "ನನ್ನ ಪಟ್ಟಿಗೆ ಅದು ಗೊತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ."

ಅಂದಾನಪ್ಪನವರು ಗೋಡೆಯ ಹತ್ತಿರ ಬಂದು ಕೆಳಗಿನ ಗೆರೆಯನ್ನು ನೋಡಿದರು. "ಹಂಗಂದ್ರ, ಆಸರಿ ಬೇಕಾಗಿದ್ದು ಆಕಿಗೇನ್ರಿ?"



ಮಂಡಳಿ ಅಂದೇ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಸಹಾಯಕ ಮರುದಿನವೇ ಬಂದ. ಆದರೆ ಅದಕ್ಕಿಂತ ದೊಡ್ಡದು ಆಮೇಲೆ ನಡೆಯಿತು. ಸುಲೋಚನಾ ಜಿಲ್ಲೆಯ ಎಲ್ಲ ಪಟ್ಟಿಗಳಲ್ಲೂ ಗದ್ದಲವೆಂದು ತೆಗೆದಿಟ್ಟಿದ್ದನ್ನು ಹುಡುಕಿಸಿದರು. ಮನೆಮನೆಯಲ್ಲೂ ಒಂದು ಎರಡನೆಯ ನಾಡಿ ಸಿಕ್ಕಿತು. ಮಗನನ್ನು ಎತ್ತಿ ಎತ್ತಿ ಬೆನ್ನು ಮುರಿದುಕೊಂಡ ತಾಯಿ, ಕುರುಡ ಅಣ್ಣನ ಕೋಲಾದ ತಂಗಿ, ಸೊಸೆಯ ಗಾಲಿಕುರ್ಚಿ ತಳ್ಳುವ ಮುದಿ ಮಾವ. ಅಂಗವಿಕಲರನ್ನು ಅಳೆಯಲು ಹುಟ್ಟಿದ ಯಂತ್ರ, ಅವರನ್ನು ಹೊತ್ತವರನ್ನು ಕಾಣತೊಡಗಿತು. ಮಿಡಿತ ತಪ್ಪಿದವರನ್ನು ವೇಳೆ ಮೀರುವ ಮುಂಚೆ ಆಸ್ಪತ್ರೆಗೆ ಒಯ್ದರು. ಅವರಿಗೂ ಆಸರೆ ಸಿಕ್ಕಿತು. ಕಚೇರಿಯ ಜನ ಆ ಎರಡನೆಯ ಗೆರೆಗೆ 'ಈರವ್ವನ ಗೆರೆ' ಎಂದೇ ಹೆಸರಿಟ್ಟರು.

ಈರವ್ವನ ನಾಡಿಯ ಸದ್ದನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿ ಸುಲೋಚನಾ ತಾವೇ ಬೆಟಗೇರಿಗೆ ತಂದರು. ಅಂದಾನಪ್ಪನವರು ಅದನ್ನು ಕಣ್ಣಿಗೊತ್ತಿ ಹಿಂತಿರುಗಿಸಿದರು.

"ಬ್ಯಾಡವಾ ಮಗಳ. ಇದನ್ನ ಕೇಳಕೋತ ಕುಂತ್ರ ಆಕೀನ್ನ ಹಿಡದಿಟ್ಟಂಗ ಆಗ್ತದ. ಭಾಳ ದಣದಾಳ. ಹೋಗ್ಲಿ."

ಮುಂಜಾನೆಯಾಗಿತ್ತು. ಸುಲೋಚನಾ ಕೇಳದೆಯೇ ಎದುರಿಗೆ ಕುಳಿತು ಕೈಯೊಡ್ಡಿದರು. ಅಂದಾನಪ್ಪನವರು ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಕಣಗಿಲೆ ಹೂವೊಂದನ್ನು ಏರಿಸಿ, ದೃಷ್ಟಿ ನೆಟ್ಟರು.

"ಶಿವನೇ, ನನ್ನ ಈರವ್ವ ನಿನ್ನ ಕಡೆ ಬಂದಾಳ. ನನ್ನ ಕೈ ಹಿಡದು ಹಿಡದು ಆಕೀ ಕೈ ಸೋತದ. ಇನ್ನ ನೀ ಆಕೀನ್ನ ನಿನ್ನ ಅಂಗೈಯಾಗ ಇಟ್ಕೊ, ತಂದೀ. ನಿನ್ನ ಕೈ ನಡಗೂದಿಲ್ಲ. ಆಕಿಗೆ ಶಾಂತಿ ಕೊಡು."